ದೇವರಿಲ್ಲದ ಗೋಪುರಕ್ಕೆ ಅರಿಶಿನ ಕುಂಕುಮ

ನಾನು ಓದಿದ ಕಾನ್ವೆಂಟಿನಲ್ಲಿ ಹೊಲಿಗೆ ಕ್ಲಾಸ್ ತೆಗೆದುಕೊಳ್ಳುತ್ತಿದ್ದ ಸಿಸ್ಟರ್ ಹತ್ತಿರ ಒಂದು ಬಿಸ್ಕತ್ತಿನ ಟಿನ್ ಇತ್ತು. ಬಿಸ್ಕತ್ತು ಯಾವ ಕಾಲಕ್ಕೋ ಮುಗಿದು ಅದರೊಳಗೆ ಸೂಜಿ, ದಾರದುಂಡೆ, ಗುಂಡಿಗಳು ಸೇರಿಕೊಂಡಿದ್ದವು. ಮುಚ್ಚಳದ ಮೇಲೆ ಇಂಗ್ಲೆಂಡಿನ ಚಿತ್ರ. ಹಸಿರು ಗುಡ್ಡ, ಗುಡ್ಡದ ನೆತ್ತಿಯಲ್ಲಿ ಒಂಟಿ ಕಲ್ಲಿನ ಗೋಪುರ, ಕೆಳಗೆ ಹತ್ತಿಯ ಚೂರುಗಳನ್ನು ಚೆಲ್ಲಿದ ಹಾಗೆ ಕುರಿಗಳು. ಕರ್ಚೀಫಿನ ಅಂಚಿಗೆ ಕಸೂತಿ ಹಾಕಬೇಕಾದ ಹೊತ್ತಿನಲ್ಲಿ ನನ್ನ ಕಣ್ಣು ಆ ಮುಚ್ಚಳದ ಮೇಲೇ ಇರುತ್ತಿತ್ತು.

"ಅಲ್ಲಿ ಯಾರಿದ್ದಾರೆ ಸಿಸ್ಟರ್?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಯಾರೂ ಇಲ್ಲ, ಚೈಲ್ಡ್. ಅದನ್ನ ಫಾಲಿ ಅಂತಾರೆ. ನೋಡೋದಕ್ಕೆ ಅಂತಲೇ ಕಟ್ಟಿಸಿದ್ದು. ಈಗ ಸೂಜಿ ನೋಡು, ಬೆರಳಿಗೆ ಚುಚ್ಚಿಕೊಳ್ತೀಯ."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಪೇಪರ್ ಮಡಿಸಿ ಯೋಚನೆ ಮಾಡಿದರು. "ಕಾವಲಿಗೂ ಅಲ್ಲ, ಕಾಳು ತುಂಬೋದಕ್ಕೂ ಅಲ್ಲ, ದೇವರಿಗೂ ಅಲ್ಲ ಅಂದ್ರೆ ಮತ್ಯಾಕೆ ಕಟ್ಟಿಸಿದ ಮಹಾರಾಯ?" ಎಂದರು. ಅಪ್ಪನ ಆ ಪ್ರಶ್ನೆ ಅರವತ್ತಾರು ವರ್ಷ ನನ್ನ ಜೊತೆಯಲ್ಲೇ ಉಳಿಯಿತು. ಇಂಗ್ಲೆಂಡಿಗೆ ಮಾತ್ರ ನಾನು ಹೋಗಲೇ ಇಲ್ಲ. ಯಜಮಾನರು ಇದ್ದಾಗ ಒಮ್ಮೆ ಹೋಗಬಹುದಿತ್ತು. ಮುಂದಿನ ವರ್ಷ ನೋಡೋಣ ಎಂದುಕೊಂಡೆವು. ಆ ಮುಂದಿನ ವರ್ಷ ಇವರೇ ಇರಲಿಲ್ಲ. ಆಮೇಲೆ ಮಗಳ ಜೊತೆ ಸಿಡ್ನಿಗೆ ಬಂದೆ, ಗಿರಾವೀನ್‌ನಲ್ಲಿ ಮನೆ, ಸಾಯಂಕಾಲ ವಾಕಿಂಗು, ಎದುರಿಗೆ ಸಿಕ್ಕವರೆಲ್ಲ ಆಂಟಿ ಎನ್ನುವವರೇ. ಟಿನ್ನಿನ ಮುಚ್ಚಳ ಮರೆತಿದ್ದೇನೆಂದೇ ಅಂದುಕೊಂಡಿದ್ದೆ.

ಈ ವರ್ಷ ಏಪ್ರಿಲ್‌ನಲ್ಲಿ ಸ್ಕೂಲ್ ಹಾಲಿಡೇಸ್ ಶುರುವಾಗುವ ಹೊತ್ತಿಗೆ ಮೆಲ್ಬರ್ನ್‌ನಿಂದ ನನ್ನ ಬೀಗಿತ್ತಿಯ ಫೋನ್ ಬಂತು. ಬೀಗಿತ್ತಿ ಎಂದರೆ ನನ್ನ ಮಗಳ ಅತ್ತೆ. ಮೈಸೂರಿನವರು. ಅಲ್ಲಿಯ ಡ್ಯಾಂಡಿನಾಂಗ್‌ನಲ್ಲಿ ಕಿರಿಮಗನ ಮನೆಯಲ್ಲಿದ್ದಾರೆ.

"ಮಗೂನ ಕರ್ಕೊಂಡು ಬನ್ನಿ. ಇನ್ನು ಹದಿನೈದು ದಿನಕ್ಕೆ ನನ್ನ ಎದೆ ಬಿಚ್ತಾರಂತೆ" ಎಂದರು, ಅಟ್ಟದ ಮೇಲಿನ ಟ್ರಂಕು ಬಿಚ್ಚುವ ಸುದ್ದಿ ಹೇಳಿದ ಹಾಗೆ.

ಹೃದಯದ ಒಂದು ವಾಲ್ವ್ ಸರಿಯಿರಲಿಲ್ಲ. ಮಗಳಿಗೆ ಮ್ಯಾಕ್ವೆರಿ ಪಾರ್ಕಿನ ಆಫೀಸಿನಲ್ಲಿ ರಜೆ ಸಿಗಲಿಲ್ಲ. ಅಳಿಯ ಆಪರೇಷನ್ ದಿನಕ್ಕೆ ಬರುತ್ತೇನೆಂದ. ಹಾಗಾಗಿ ಒಂಬತ್ತು ವರ್ಷದ ಮೊಮ್ಮಗಳೂ ನಾನೂ ಫ್ಲೈಟ್ ಹತ್ತಿದೆವು.

ಬೀಗಿತ್ತಿಯದೂ ನನ್ನದೂ ಸಲಿಗೆಯಿಲ್ಲದ ಸಂಬಂಧ ಎಂಬುದನ್ನು ಇಲ್ಲಿ ಹೇಳಿಬಿಡಬೇಕು. ಜಗಳವಾಡಿದ್ದಿಲ್ಲ. ಹನ್ನೆರಡು ವರ್ಷದಿಂದ ನೀವು, ತಾವು, ಊಟ ಆಯ್ತಾ, ಅಷ್ಟೇ. ಕಾರಣ ಚಿಕ್ಕದು. ಮಗಳ ಮದುವೆಯಲ್ಲಿ ಹೆಂಗಸರಿಗೆ ಅರಿಶಿನ ಕುಂಕುಮ ಕೊಡುತ್ತ ಬಂದ ಬೀಗಿತ್ತಿಯ ತಟ್ಟೆ ನನ್ನ ಎದುರಿಗೆ ಬಂದಾಗ ಒಂದು ಕ್ಷಣ ತಡೆಯಿತು, ಆಮೇಲೆ ಪಕ್ಕದವರಿಗೆ ಹೋಯಿತು. ನಾನು ಗಂಡನಿಲ್ಲದವಳು. "ಇಟ್ಸ್ ಆಲ್ ರೈಟ್" ಎಂದೆ ನಾನು. ಯಾರೂ ಏನೂ ಕೇಳಿರಲಿಲ್ಲ, ಆದರೂ ಎಂದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದನ್ನೇ ಅಲ್ಲವೆ, ನೋವಾದಾಗ ಮೊದಲು ಮ್ಯಾನರ್ಸ್.

ಡ್ಯಾಂಡಿನಾಂಗ್ ತಲುಪಿದ ಸಾಯಂಕಾಲ ಬೀಗಿತ್ತಿ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು ಹುರುಳೀಕಾಯಿ ಸೋಸುತ್ತಿದ್ದರು. ಮುಖ ಸಣ್ಣಗಾಗಿತ್ತು. ನಾಲ್ಕು ಮಾತಾಡಿದರೆ ಒಂದು ಸಲ ಉಸಿರು ಎಳೆದುಕೊಳ್ಳುತ್ತಿದ್ದರು.

"ಆಪರೇಷನ್‌ಗೆ ಹೆದರಿಕೆ ಇಲ್ಲ ಕಣ್ರೀ" ಎಂದರು. "ಹರಕೆ ಇದೆಯಲ್ಲ, ಅದಕ್ಕೆ ಹೆದರಿಕೆ."

ಯಾವ ಹರಕೆ ಎಂದು ನಾನು ಕೇಳಲಿಲ್ಲ. ಅದನ್ನು ಹೊತ್ತಾಗ ನಾನು ಪಕ್ಕದಲ್ಲೇ ಇದ್ದೆ.

ಮೊಮ್ಮಗಳು ಹನ್ನೆರಡು ವಾರ ಮುಂಚೆ ಹುಟ್ಟಿದವಳು. ಸಿಡ್ನಿಯ ಆಸ್ಪತ್ರೆಯ ಕಾರಿಡಾರಿನಲ್ಲಿ ನಾವಿಬ್ಬರು ಅಜ್ಜಿಯರೂ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಕೂತಿದ್ದೆವು. ಗಾಜಿನಾಚೆ ಪೆಟ್ಟಿಗೆಯೊಳಗೆ ಅಂಗೈಯಗಲದ ಮಗು, ಮೈತುಂಬ ವೈರು. ಬೀಗಿತ್ತಿ ಸೆರಗೊಡ್ಡಿ ಎದ್ದು ನಿಂತು, ನರ್ಸುಗಳು ತಿರುಗಿ ನೋಡುವಂತೆ ಗಟ್ಟಿಯಾಗಿ ಹೇಳಿದ್ದರು: "ತಾಯಿ ಚಾಮುಂಡಿ, ಈ ಕೂಸನ್ನ ಉಳಿಸಿಕೊಡು. ನಿನ್ನ ಬೆಟ್ಟದ ಸಾವಿರ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಹತ್ತುತೀನಿ." ಮೈಸೂರಿನ ಕಡೆ ಹೆಂಗಸರು ಹೀಗೆ ಹೊರುತ್ತಾರೆ. ಬೆಟ್ಟದ ಬುಡದಿಂದ ಶುರುಮಾಡಿ ಒಂದೊಂದು ಮೆಟ್ಟಿಲಿಗೂ ಬಗ್ಗಿ ಬೆರಳಿನಿಂದ ಅರಿಶಿನ ಎಳೆದು ಮೇಲೊಂದು ಕುಂಕುಮದ ಬೊಟ್ಟಿಡುತ್ತ ದೇವಿಯವರೆಗೂ ಹೋಗುವುದು. ನನಗೆ ಆ ಹೊತ್ತಿನಲ್ಲಿ ನೆನಪಾದದ್ದು ಸ್ಕೂಲ್ ಅಸೆಂಬ್ಲಿಯ ಪ್ರೇಯರ್ ಮಾತ್ರ, ಅದೂ ಅರ್ಧ. ದೇವರ ಜೊತೆ ಹೀಗೆ ಕೊಡು-ಕೊಳ್ಳುವ ಮಾತಾಡುವುದೆ, ಎಂದು ಮನಸ್ಸಿನಲ್ಲೇ ಮೂಗು ಮುರಿದಿದ್ದೆನೇನೋ. ಆದರೆ ಅವರು ಕೈ ಮುಗಿದಾಗ ನಾನೂ ಮುಗಿದೆ.

ಮಗು ಉಳಿಯಿತು. ಹರಕೆಯೂ ಉಳಿಯಿತು. ಒಂದು ಸಲ ಊರಿಗೆ ಹೋದಾಗ ಮೊಣಕಾಲು, ಇನ್ನೊಂದು ಸಲ ಹೊರಡುವಷ್ಟರಲ್ಲಿ ಕೊರೊನಾ, ಈಗ ಹೃದಯ.

"ಡಾಕ್ಟ್ರು ಫ್ಲೈಟ್ ಹತ್ತಲೇಬಾರದು ಅಂದ್ಬಿಟ್ಟರು" ಎಂದರು ಬೀಗಿತ್ತಿ. "ಹೊತ್ತಿದ್ದನ್ನ ಇಳಿಸದೆ ಆ ಟೇಬಲ್ ಮೇಲೆ ಹೆಂಗೆ ಮಲಗಲಿ ಹೇಳಿ? ನನಗೇನಾದ್ರೂ ಆದ್ರೆ ಮಗು ಮೇಲೆ ಉಳ್ಕೊಳಲ್ವಾ ಅದು?"

"ಹಾಗೆಲ್ಲ ಇಲ್ಲ ಬಿಡಿ" ಎಂದೆ. ಬಾಯಿಮಾತು ಎಂದು ಅವರಿಗೂ ಗೊತ್ತಾಯಿತು. ಮತ್ತೆ ಹುರುಳೀಕಾಯಿಯ ನಾರು ಎಳೆಯತೊಡಗಿದರು.

ಅವರ ಕಿರಿಮಗನಿಗೆ ಇದೊಂದೂ ಗೊತ್ತಿರಲಿಲ್ಲ. ಅಮ್ಮನಿಗೆ ಸ್ವಲ್ಪ ಗಾಳಿಯಾಡಲಿ, ಇಂಗ್ಲಿಷ್ ಎಂದರೆ ಪ್ರಾಣ ಬಿಡುವ ಸಿಡ್ನಿ ಆಂಟಿಗೂ ಖುಷಿಯಾಗಲಿ ಎಂದು ಭಾನುವಾರಕ್ಕೆ ಒಂದು ಔಟಿಂಗ್ ಬುಕ್ ಮಾಡಿದ. ಊಟದ ಟೇಬಲಿನಲ್ಲಿ ಫೋನ್ ತೋರಿಸಿ ಹೇಳಿದ: "ಒಂದೂವರೆ ಗಂಟೆ ಡ್ರೈವ್ ಆಂಟಿ. ಬೆಟ್ಟದ ತುದೀಲಿ ಹಳೇ ಕಲ್ಲಿನ ಕಟ್ಟಡ. ಒಳಗೆ ಮೆಟ್ಟಿಲು ಹತ್ಕೊಂಡು ಮೇಲಕ್ಕೆ ಹೋಗಬಹುದು. ಹೆರಿಟೇಜ್."

ನಾನು ಕನ್ನಡಕ ಏರಿಸಿ ಆ ಪುಟ್ಟ ಚಿತ್ರ ನೋಡಿದೆ. ಗುಡ್ಡ. ನೆತ್ತಿಯಲ್ಲಿ ಒಂಟಿ ಗೋಪುರ. ನನ್ನ ಕೈಯಲ್ಲಿದ್ದ ಚಪಾತಿಯ ತುಂಡು ಪಲ್ಯದೊಳಕ್ಕೆ ಬಿತ್ತು.

ಬೀಗಿತ್ತಿ ಚಿತ್ರ ನೋಡಲಿಲ್ಲ. "ಎಷ್ಟು ಮೆಟ್ಟಿಲು?" ಎಂದು ಮಾತ್ರ ಕೇಳಿದರು.

ಭಾನುವಾರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ತಲೆಗೆ ಎರೆದುಕೊಂಡು, ಹಸಿರು ಸೀರೆ ಉಟ್ಟು, ಹಿಂದಿನ ದಿನ ಮಾರ್ಕೆಟ್‌ನಿಂದ ತಂದ ಹೂ ಮುಡಿದು ಕಾರಿನ ಹತ್ತಿರ ನಿಂತಿದ್ದರು. ಕೈಯಲ್ಲೊಂದು ಬಟ್ಟೆಯ ಚೀಲ. ದಾರಿಯಲ್ಲಿ ನಾನು ಕಟ್ಟಿಕೊಂಡು ಬಂದಿದ್ದ ಸ್ಯಾಂಡ್‌ವಿಚ್ ಕೊಟ್ಟರೆ ಬೇಡ ಎಂದರು.

"ಅಮ್ಮ, ಟ್ಯಾಬ್ಲೆಟ್ ತಗೊಂಡ್ಯಾ?" ಎಂದ ಮಗ, ಕನ್ನಡಿಯಲ್ಲೇ ನೋಡುತ್ತ.

"ತಗೊಂಡೆ."

"ತಿಂಡಿ?"

"ದರ್ಶನ ಆಗಲಿ ಆಮೇಲೆ."

"ಯಾರ ದರ್ಶನ?"

ಬೀಗಿತ್ತಿ ಕಿಟಕಿಯಾಚೆ ನೋಡತೊಡಗಿದರು. ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ಬೆಟ್ಟದ ತುದಿಯಲ್ಲಿ ಹಳೆಯ ಕಲ್ಲಿನ ಕಟ್ಟಡವಿದ್ದು, ಅದಕ್ಕೆ ಮೆಟ್ಟಿಲೂ ಇದ್ದರೆ ಒಳಗೆ ಯಾರಿದ್ದಾರೆ ಎಂದು ಯಾರಾದರೂ ಕೇಳುತ್ತಾರೆಯೆ? ಗಂಡು ದೇವರೋ ಹೆಣ್ಣು ದೇವರೋ ಎಂದಷ್ಟೇ ಕೇಳುತ್ತಾರೆ. ಇಲ್ಲಿಯ ಭಕ್ತರು ಯಾರೋ ಹಳೆಯ ಕಟ್ಟಡ ಕೊಂಡು ದೇವಸ್ಥಾನ ಮಾಡಿರಬೇಕು ಎಂದುಕೊಂಡುಬಿಟ್ಟಿದ್ದರು ಬೀಗಿತ್ತಿ. ಚರ್ಚುಗಳನ್ನು ಕೊಂಡಿಲ್ಲವೆ, ವೇರ್‌ಹೌಸಿನಲ್ಲಿ ಗಣಪತಿ ಕೂತಿಲ್ಲವೆ!

ಹೇಳಬೇಕೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ರಸ್ತೆ ತಿರುಗಿತು. ಎದುರಿಗೆ ಗುಡ್ಡ ಎದ್ದು ನಿಂತಿತ್ತು.

ಅದನ್ನು ಹೇಗೆ ಬರೆಯಲಿ. ಬೇಸಿಗೆ ಮುಗಿದ ಹುಲ್ಲು ಹಳದಿಯಾಗಿತ್ತು, ಟಿನ್ನಿನ ಮೇಲಿನ ಹಸಿರಲ್ಲ. ಚಿತ್ರದಲ್ಲಿದ್ದ ಓಕ್ ಮರಗಳ ಜಾಗದಲ್ಲಿ ತೊಗಟೆ ಸುಲಿದ ಬಿಳಿಯ ಗಮ್ ಮರಗಳು, ನಮ್ಮ ನೀಲಗಿರಿಯ ಜಾತಿಯವು. ಆದರೆ ನೆತ್ತಿಯಲ್ಲಿ ಅದೇ ಗೋಪುರ. ಕಪ್ಪು ಕಲ್ಲು, ಹಲ್ಲು ಹಲ್ಲಾದ ಅಂಚು, ಒಂದೇ ಒಂದು ಉದ್ದನೆಯ ಕಿಟಕಿ. ಹಿಂದೆ ಮೋಡ ಸರಿಯುತ್ತಿತ್ತು. ಗೋಪುರವೇ ನಡೆದು ಬರುತ್ತಿದೆ ಎನಿಸಿ ನಾನು ಸೀಟ್ ಬೆಲ್ಟ್ ಹಿಡಿದುಕೊಂಡೆ. ಕೆಳಗೆ ನಿಜವಾದ ಕುರಿಗಳು ತಲೆ ಎತ್ತದೆ ಮೇಯುತ್ತಿದ್ದವು. ಒಂಬತ್ತು ವರ್ಷದ ಹುಡುಗಿಯಾಗಿ ಮುಚ್ಚಳದ ಮೇಲೆ ಬೆರಳಾಡಿಸಿದ್ದ ನಾನು ಎಪ್ಪತ್ತೈದಕ್ಕೆ ಆ ಮುಚ್ಚಳದೊಳಕ್ಕೇ ಬಂದುಬಿಟ್ಟಿದ್ದೆ.

"ಅಜ್ಜಿ, ಯು ಆರ್ ಕ್ರೈಯಿಂಗ್" ಎಂದಳು ಮೊಮ್ಮಗಳು.

"ಗಾಳಿ" ಎಂದೆ. ಕಾರಿನ ಕಿಟಕಿಗಳೆಲ್ಲ ಮುಚ್ಚಿದ್ದವು.

ಕಾರು ಬಾಗಿಲ ಹತ್ತಿರದವರೆಗೂ ಹೋಗುತ್ತಿತ್ತು. ಬೀಗಿತ್ತಿ ಇಳಿದವರೇ ಚಪ್ಪಲಿ ಬಿಟ್ಟರು. ಗೋಪುರದ ಬಾಗಿಲಿನ ಪಕ್ಕ ಒಂದು ಮಡಚುವ ಟೇಬಲ್ ಹಾಕಿಕೊಂಡು, ಕಾರ್ಡಿಗನ್ ತೊಟ್ಟ, ಹೆಚ್ಚೂಕಡಿಮೆ ನಮ್ಮದೇ ವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಎದೆಯ ಮೇಲೆ ವಾಲಂಟಿಯರ್ ಎಂಬ ಬ್ಯಾಡ್ಜು. ಮಗ ಟಿಕೆಟ್ ತೋರಿಸುತ್ತಿದ್ದಾಗ ಬೀಗಿತ್ತಿ ಒಳಗೆ ಇಣುಕಿದರು. ದುಂಡಗಿನ ಖಾಲಿ ನೆಲ. ಗೋಡೆಗೆ ಅಂಟಿಕೊಂಡು ಸುತ್ತುತ್ತ ಮೇಲೇರುವ ಕಲ್ಲಿನ ಮೆಟ್ಟಿಲು. ಗಂಟೆಯಿಲ್ಲ, ದೀಪವಿಲ್ಲ.

"ದೇವರೆಲ್ಲೋ?" ಎಂದರು ಮಗನಿಗೆ.

"ಯಾವ ದೇವರಮ್ಮ? ಇದು ಫಾಲಿ. ಸುಮ್ನೆ ಕಟ್ಟಿರೋದು."

"ಸುಮ್ನೆ ಯಾರಾದ್ರೂ ಇಷ್ಟು ಕಲ್ಲು ಹೊರಿಸ್ತಾರೇನೋ?"

ಅಪ್ಪನ ಪ್ರಶ್ನೆ! ನಾನು ತಿರುಗಿ ನೋಡಿದೆ. ಬೀಗಿತ್ತಿಯ ಮುಖದಲ್ಲಿ ಬೆಳಗಿನಿಂದ ಇದ್ದ ಕಳೆ ಇಳಿದುಹೋಗುತ್ತಿತ್ತು. ಚೀಲವನ್ನು ಎದೆಗವುಚಿಕೊಂಡು ಬಾಗಿಲಿನ ಕಲ್ಲಿಗೆ ಒರಗಿದರು. ಆಮೇಲೆ, ಯಾರನ್ನೂ ಕೇಳದೆ, ಚೀಲದಿಂದ ಒಂದು ಸ್ಟೀಲ್ ಡಬ್ಬಿ ತೆಗೆದರು. ಅದರಲ್ಲಿ ಕಲಸಿದ ಅರಿಶಿನ. ಕುಂಕುಮದ ಭರಣಿ ತೆಗೆದರು. ಬಗ್ಗಿ, ಮೊದಲನೆಯ ಮೆಟ್ಟಿಲಿಗೆ ಮೂರು ಬೆರಳಿನಿಂದ ಅರಿಶಿನ ಎಳೆದು ನಡುವೆ ಕುಂಕುಮ ಇಟ್ಟರು.

"ಬೆಟ್ಟ ಇದೆ, ಮೆಟ್ಟಿಲಿದೆ. ಅವಳಿಲ್ಲದ ಬೆಟ್ಟ ಯಾವುದು?" ಎಂದರು. ಎರಡನೆಯದಕ್ಕೆ ಕಾಲಿಟ್ಟರು. ಅಲ್ಲಿಗೇ ಉಸಿರು ಕಟ್ಟಿತು. ಮಗ ಓಡಿಬಂದು ತೋಳು ಹಿಡಿದು ಹೊರಗೆ ಕರೆದು ತಂದು ಕಲ್ಲಿನ ಬೆಂಚಿನ ಮೇಲೆ ಕೂರಿಸಿದ. ಹೆದರಿಕೆಗೆ ಬೈದ. "ತಿಂಡಿ ತಿಂದಿಲ್ಲ, ಮೆಟ್ಟಿಲು ಹತ್ತಬೇಡ ಅಂದ್ರೂ ಹತ್ತುತೀಯ, ನಿನಗೇನಾಗಿದೆಯಮ್ಮ?"

ಬೀಗಿತ್ತಿ ಉಸಿರು ಹತೋಟಿಗೆ ಬಂದ ಮೇಲೆ ನನ್ನ ಕಡೆ ನೋಡಿದರು. ಡಬ್ಬಿಯನ್ನೂ ಭರಣಿಯನ್ನೂ ನನ್ನತ್ತ ಚಾಚಿದರು.

ನಾನು ಕೈ ನೀಡಲಿಲ್ಲ. "ನಾನು ಹಚ್ಚಬಹುದಾ?" ಎಂದೆ. ಕೇಳಬಾರದಿತ್ತು. ಹನ್ನೆರಡು ವರ್ಷ ನುಂಗಿದ್ದು ಅದೇ ಹೊತ್ತಿಗೆ ಬಾಯಿಗೆ ಬಂತು.

ಅವರ ಕೈ ಚಾಚಿಕೊಂಡೇ ಇತ್ತು. "ಅವತ್ತು ತಟ್ಟೆ ಮುಂದಕ್ಕೆ ಹೋಯ್ತು" ಎಂದರು. "ನಾನೇ ಮುಂದಕ್ಕೆ ತಗೊಂಡು ಹೋದೆ. ಆಮೇಲೆ ಊಟ ಸೇರಲಿಲ್ಲ ನನಗೆ." ಒಂದು ಸಲ ಉಸಿರು ಎಳೆದುಕೊಂಡರು. "ಮಗು ನಿಮಗೂ ಮೊಮ್ಮಗಳೇ ಅಲ್ವೇನ್ರೀ? ತಗೊಳ್ಳಿ."

ತೆಗೆದುಕೊಂಡೆ.

ಅಷ್ಟರಲ್ಲಿ ವಾಲಂಟಿಯರ್ ಹೆಂಗಸು ಮೆಟ್ಟಿಲ ಮುಂದೆ ನಿಂತಿದ್ದಳು. ಹಳದಿಯ ಮೇಲೆ ಹೊಳೆಯುವ ಕೆಂಪು ಬೊಟ್ಟನ್ನು ನೋಡುತ್ತ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು.

ನಾನು ನನ್ನ ಅತ್ಯುತ್ತಮ ಕಾನ್ವೆಂಟ್ ಇಂಗ್ಲಿಷ್ ತೆಗೆದೆ. ವೀ ಆರ್ ಟೆರಿಬ್ಲಿ ಸಾರಿ, ಇಟ್ ಈಸ್ ಓನ್ಲಿ ಟರ್ಮರಿಕ್, ಎಂದು ಶುರುಮಾಡಿದೆ. ಮುಂದೆ ಮಾತು ಹೊರಡಲಿಲ್ಲ. ಚಾಮುಂಡಿ, ಸಾವಿರ ಮೆಟ್ಟಿಲು, ಹರಕೆ, ಇವಕ್ಕೆಲ್ಲ ಸಿಸ್ಟರ್ ನನಗೆ ಇಂಗ್ಲಿಷ್ ಕಲಿಸಿರಲಿಲ್ಲ.

ಮೊಮ್ಮಗಳು ನನ್ನ ಪಕ್ಕ ಬಂದು ನಿಂತಳು. ಗಟ್ಟಿಯಾಗಿ, ತನ್ನ ಆಸ್ಟ್ರೇಲಿಯನ್ ರಾಗದಲ್ಲಿ ಹೇಳಿದಳು. ಅವಳು ಹೇಳಿದ್ದು ಇಷ್ಟು: "ನಾನು ತುಂಬ ಬೇಗ ಹುಟ್ಟಿಬಿಟ್ಟೆ. ನಾನು ಬದುಕಿದರೆ ಒಂದು ಬೆಟ್ಟದ ಎಲ್ಲಾ ಮೆಟ್ಟಿಲಿಗೂ ಬಣ್ಣ ಹಚ್ಚುತ್ತೇನೆ ಅಂತ ಮೆಲ್ಬರ್ನ್ ಅಜ್ಜಿ ದೇವರಿಗೆ ಪ್ರಾಮಿಸ್ ಮಾಡಿದ್ದರು. ನಾನು ಬದುಕಿದೆ. ಅಜ್ಜಿಗೆ ಆ ಬೆಟ್ಟಕ್ಕೆ ಹೋಗೋಕೆ ಆಗ್ತಿಲ್ಲ."

ನಾವಿಬ್ಬರು ಅಜ್ಜಿಯರೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಹೇಳಿದವರು ಯಾರು? ಕನ್ನಡ ಬಾರದವಳ ಎದುರಿಗೆ ಮಾತಾಡಿದ ಹಾಗೆ ಅವಳ ಎದುರಿಗೇ ಒಂಬತ್ತು ವರ್ಷ ಎಲ್ಲವನ್ನೂ ಮಾತಾಡಿಕೊಂಡಿದ್ದೆವು. ಉತ್ತರ ಇಂಗ್ಲಿಷಿನಲ್ಲಿ ಕೊಡುತ್ತಾಳೆಂದರೆ ಕಿವಿಯೂ ಇಂಗ್ಲಿಷಿನದೇ ಎಂದುಕೊಂಡವರು ನಾವು.

ವಾಲಂಟಿಯರ್ ಬಗ್ಗಿ ಆ ಬೊಟ್ಟನ್ನು ಇನ್ನೊಮ್ಮೆ ನೋಡಿದಳು. ಆಮೇಲೆ ಮೆತ್ತಗೆ ಹೇಳಿದಳು: ಈ ಮೊದಲನೆಯ ಮೆಟ್ಟಿಲು ಹಳೆಯದಲ್ಲ, ಸವೆದುಹೋಗಿತ್ತೆಂದು ಕಾಂಕ್ರೀಟಿನಲ್ಲಿ ಮತ್ತೆ ಮಾಡಿದ್ದು. ಇದು ಇರಲಿ. ಆದರೆ ಉಳಿದದ್ದೆಲ್ಲ ಹಳೆಯ ಕಲ್ಲು, ಅರಿಶಿನದ ಕಲೆ ಹೋಗುವುದಿಲ್ಲ ಎಂದು ತನ್ನ ಅಡುಗೆಮನೆಯ ಕಟ್ಟೆ ನೋಡಿ ತನಗೆ ಗೊತ್ತು. ಬೇಡ, ದಯವಿಟ್ಟು ಬೇಡ.

ಅವಳು ಹೇಳಿದ್ದು ನ್ಯಾಯವೇ. ನಾನೇ ಆ ಟೇಬಲಿನಾಚೆ ಕೂತಿದ್ದರೂ ಅದನ್ನೇ ಹೇಳುತ್ತಿದ್ದೆ. ಬೆಂಚಿನ ಮೇಲೆ ಬೀಗಿತ್ತಿ ಕಣ್ಣು ಮುಚ್ಚಿಕೊಂಡರು. "ಸರಿ, ಬಿಡಿ. ಆಯ್ತಲ್ಲ ಒಂದು" ಎಂದರು.

ಆ 'ಬಿಡಿ' ಕೇಳಿ ಕಣ್ಣೊರೆಸಿಕೊಳ್ಳಲು ಸೊಂಟಕ್ಕೆ ಕೈ ಹಾಕಿದೆ. ಕಾನ್ವೆಂಟ್ ಬಿಟ್ಟು ಅರವತ್ತು ವರ್ಷವಾಗುತ್ತ ಬಂದರೂ ಕರ್ಚೀಫಿಲ್ಲದೆ ನಾನು ಮನೆಯಿಂದ ಹೊರಟವಳಲ್ಲ. ಬಿಳಿಯದು, ಒಗೆದು ಇಸ್ತ್ರಿ ಮಾಡಿ ನಾಲ್ಕು ಮಡಿಕೆ ಮಾಡಿದ್ದು, ಅಂಚಿಗೆ ನನ್ನದೇ ಕಸೂತಿ. ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡಿದೆ.

"ಮೆಟ್ಟಿಲಿನ ಮೇಲೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಇಟ್ಟರೆ?" ಎಂದು ಬೀಗಿತ್ತಿಯನ್ನು ಕೇಳಿದೆ. "ಒಂದು ಮೆಟ್ಟಿಲಿಗೆ ಒಂದು ಬೊಟ್ಟು."

ಅವರು ಕಣ್ಣು ಬಿಟ್ಟರು. "ದೇವರಿಗೆ ನೇರ ಹಚ್ತೀವಾ ಎಲ್ಲಾ ಸಲ? ವಸ್ತ್ರದ ಮೇಲೂ ಹಚ್ತೀವಿ" ಎಂದರು. "ಮಡಿಯದು ತಾನೇ?"

"ಇಸ್ತ್ರಿ ಮಾಡಿದ್ದು."

"ನಿಮ್ಮ ಮಡಿ ಅದೇ. ಹೊರಡಿ."

ವಾಲಂಟಿಯರ್ ಒಪ್ಪಿದಳು. ಆದರೆ ತಾನೂ ಹಿಂದೆ ಬರುತ್ತೇನೆ ಎಂದಳು, ಕಲ್ಲಿನ ಕಾವಲಿಗೆ. ಮೊಮ್ಮಗಳು ಮುಂದೆ ಹೋಗಿ ಎರಡನೆಯ ಮೆಟ್ಟಿಲಿನ ಮೇಲೆ ಕರ್ಚೀಫನ್ನು ನಾಲ್ಕು ಪದರವಾಗಿ ಹಾಸಿ, ಅಂಚು ಒತ್ತಿ ಹಿಡಿದಳು. ನಾನು ಕಂಬಿ ಹಿಡಿದು ಬಗ್ಗಿ, ಬೆರಳ ತುದಿಯಿಂದ ಒಂದು ಕಡ್ಲೆಕಾಳಿನಷ್ಟು ಅರಿಶಿನ, ಅದರ ಮೇಲೆ ಸಾಸಿವೆಯಷ್ಟು ಕುಂಕುಮ ಇಟ್ಟೆ. "ನೆಕ್ಸ್ಟ್!" ಎಂದಳು ಅವಳು. ಮೂರನೆಯದು. "ನೆಕ್ಸ್ಟ್!" ಮಡಿಕೆ ತಿರುಗಿಸುತ್ತ ಹೋದಳು.

ಇಪ್ಪತ್ತಕ್ಕೆ ಸೊಂಟ ಹಿಡಿಯಿತು. ಮೂವತ್ತಕ್ಕೆ ಡಬ್ಬಿ, ಭರಣಿ, ಕಂಬಿ ಮೂರನ್ನೂ ಹಿಡಿಯಲು ನನ್ನ ಕೈ ಸಾಲದಾಯಿತು. ಹಿಂದಿನಿಂದ ಒಂದು ಕೈ ಬಂದು ಭರಣಿ ತೆಗೆದುಕೊಂಡಿತು. ಕಾವಲಿಗೆ ಬಂದವಳು ಆಮೇಲೆ ತುದಿಯವರೆಗೂ ಕುಂಕುಮ ಹಿಡಿದುಕೊಂಡೇ ಬಂದಳು. ಇಳಿದು ಬರುತ್ತಿದ್ದ ಗಂಡಹೆಂಡಿರಿಬ್ಬರು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟರು. ಗಂಡಸು ಏಕೋ ಟೋಪಿ ತೆಗೆದ.

ಐವತ್ತರ ಹತ್ತಿರ ಆ ಉದ್ದನೆಯ ಕಿಟಕಿ ಬಂತು. ಕೂತೆವು. ಕಿಟಕಿಯಿಂದ ಕೆಳಗೆ ಒಂದು ಹಳೆಯ ದೊಡ್ಡ ಮನೆ ಕಾಣುತ್ತಿತ್ತು. ಇದನ್ನು ಕಟ್ಟಿಸಿದವನ ಮನೆ ಅದು ಎಂದಳು ವಾಲಂಟಿಯರ್. ಹರೆಯದಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದವನು, ಕುರಿ ಸಾಕಿ ದೊಡ್ಡವನಾದ. ಹುಟ್ಟಿದೂರಿನಲ್ಲಿ ಅವನು ಮಲಗುತ್ತಿದ್ದ ಕೋಣೆಯ ಕಿಟಕಿಗೆ ಗುಡ್ಡದ ಮೇಲಿನ ಒಂದು ಫಾಲಿ ಕಾಣುತ್ತಿತ್ತಂತೆ. ಇಲ್ಲಿ ಮನೆ ಕಟ್ಟಿಸಿ ಕಿಟಕಿ ತೆಗೆದರೆ ಬೋಳು ಗುಡ್ಡ. ತಂಗಿಗೆ ಕಾಗದ ಬರೆದ. ಅವಳು ಅಲ್ಲಿಯ ಗೋಪುರ ಹತ್ತಿ, ಟೇಪು ಹಿಡಿದು ಅಳೆದು, ಮೆಟ್ಟಿಲು ಎಣಿಸಿ ಉತ್ತರ ಬರೆದಳು: ಎಂಬತ್ತೆಂಟು. ಕಾಗದ ಬರಲು ತಿಂಗಳುಗಟ್ಟಲೆ ಹಿಡಿಯಿತು. ಅದಕ್ಕೇ ಇಲ್ಲಿಯೂ ಎಂಬತ್ತೆಂಟು. ಅವನು ಮತ್ತೆ ಇಂಗ್ಲೆಂಡಿಗೆ ಹೋಗಲಿಲ್ಲ.

ಅಪ್ಪ, ಕೇಳಿಸಿತೆ, ಎಂದುಕೊಂಡೆ. ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ಕಾಣಬೇಕು. ಅಷ್ಟಕ್ಕೇ ಇಷ್ಟು ಕಲ್ಲು. ಗೋಡೆಗೆ ಅಂಗೈ ಒತ್ತಿದೆ. ತಣ್ಣಗಿತ್ತು. ಕಂಡಿರದ ಆ ತಂಗಿ ಉದ್ದ ಸ್ಕರ್ಟು ಎತ್ತಿ ಹಿಡಿದು, ಒನ್, ಟೂ, ತ್ರೀ ಎಂದು ಬಾಯಲ್ಲೇ ಎಣಿಸುತ್ತ ನನ್ನ ಮುಂದೆ ಮುಂದೆ ಹತ್ತುತ್ತಿದ್ದಾಳೆ ಎನಿಸಿತು.

ಎಂಬತ್ತೆಂಟನೆಯದಕ್ಕೆ ಬೊಟ್ಟಿಟ್ಟು ತಲೆ ಎತ್ತಿದರೆ ಚಾವಣಿಯೇ ಇರಲಿಲ್ಲ. ಗರ್ಭಗುಡಿ ಇರಬೇಕಾದ ಜಾಗದಲ್ಲಿ ಆಕಾಶ. ಗಾಳಿ ಸೆರಗನ್ನು ಕಿತ್ತುಕೊಳ್ಳುವಂತೆ ಬೀಸುತ್ತಿತ್ತು. ಸುತ್ತ ಒಣಹುಲ್ಲಿನ ಬಯಲು, ಅದರಾಚೆ ನೀಲಿ ಬೆಟ್ಟಗಳ ಸಾಲು, ದೂರದಲ್ಲಿ ಒಂದು ಎಳೆ ಬೆಳ್ಳಿಯ ಹಾಗೆ ಸಮುದ್ರ. ಆಸ್ಪತ್ರೆಯ ಕಾರಿಡಾರಿನಲ್ಲಿ ಅರ್ಧಕ್ಕೇ ನಿಂತಿದ್ದ ಪ್ರೇಯರ್ ನೆನಪಾಯಿತು. ಉಳಿದರ್ಧವೂ ತಾನಾಗಿ ಬಂತು.

ಗೋಡೆಯ ಹಲ್ಲುಗಳ ನಡುವಿನಿಂದ ಕೆಳಗೆ ನೋಡಿದೆವು. ಹಳದಿ ಹುಲ್ಲಿನ ಮೇಲೆ ಹಸಿರು ಸೀರೆ, ವೀಳ್ಯದೆಲೆಯಷ್ಟು. ಬೀಗಿತ್ತಿ ಎದ್ದು ನಿಂತು ತಲೆ ಎತ್ತಿ ಕೈ ಮುಗಿದಿದ್ದರು. ಗೋಪುರಕ್ಕೋ, ಆಕಾಶಕ್ಕೋ, ಮೇಲಿಂದ ಎರಡೂ ಕೈ ಬೀಸುತ್ತಿದ್ದ ಮೊಮ್ಮಗಳಿಗೋ ತಿಳಿಯಲಿಲ್ಲ.

"ಮೆಲ್ಬರ್ನ್ ಅಜ್ಜೀ! ವೀ ಡಿಡ್ ಇಟ್!" ಎಂದು ಕೂಗಿದಳು ಅವಳು. ಕೂಗನ್ನು ಗಾಳಿ ಬೇರೆಲ್ಲಿಗೋ ಒಯ್ದಿತು.

ಇಳಿಯಲು ಹತ್ತಿದ್ದಕ್ಕಿಂತ ಹೆಚ್ಚು ಹೊತ್ತಾಯಿತು. ಬೀಗಿತ್ತಿ ತೊಡೆಯ ಮೇಲೆ ಕರ್ಚೀಫು ಬಿಡಿಸಿಕೊಂಡು ಕೂತರು. ಬಿಳಿಯ ಬಟ್ಟೆಯ ತುಂಬ ಸಾಲು ಸಾಲು ಹಳದಿ, ನಡುವೆ ಕೆಂಪು. ಕೆಲವು ಗುಂಡಗೆ, ಕೆಲವು ನನ್ನ ಸೊಂಟನೋವಿಗೆ ಬಾಲ ಎಳೆದುಕೊಂಡವು. ಸಿಸ್ಟರ್ ನೋಡಿದ್ದರೆ ಬಿಚ್ಚಿ ಮತ್ತೆ ಹಾಕು ಎನ್ನುತ್ತಿದ್ದರು. ಗೋಪುರದ ಕಥೆಯನ್ನು ನಾನು ಹೇಳುತ್ತಿದ್ದರೆ ಅವರು ಕೇಳುತ್ತಲೇ ಒಂದೊಂದೇ ಬೊಟ್ಟು ಎಣಿಸಿದರು.

"ಅವನೂ ಅಷ್ಟೇ ನೋಡಿ. ಹೋಗೋಕಾಗಲ್ಲ ಅಂತ ಬೆಟ್ಟಾನೇ ಇಲ್ಲಿಗೆ ತರಿಸ್ಕೊಂಡ" ಎಂದರು. ಆಮೇಲೆ ಹುಬ್ಬು ಗಂಟಿಕ್ಕಿದರು. "ಎಂಬತ್ತೇಳೇ ಇದೆಯಲ್ರೀ?"

"ಒಂದು ನೀವೇ ಹಚ್ಚಿದಿರಿ, ಮೆಟ್ಟಿಲಿಗೇ."

"ಹೌದಲ್ವಾ" ಎಂದರು. ಬಾಗಿಲಿನ ಕಡೆ ನೋಡಿದರು. ಮೊದಲನೆಯ ಮೆಟ್ಟಿಲು ನೆರಳಿನಲ್ಲೂ ಹಳದಿಯಾಗಿ ಕಾಣುತ್ತಿತ್ತು.

"ಅಮ್ಮ, ಸಾವಿರದಲ್ಲಿ ಎಂಬತ್ತೆಂಟು ಹೋದ್ರೆ ಇನ್ನೂ ಒಂಬೈನೂರ ಹನ್ನೆರಡಿದೆ" ಎಂದ ಮಗ, ಇಡ್ಲಿಯ ಡಬ್ಬಿ ಬಿಚ್ಚಿ ಅವರ ಮುಂದೆ ಹಿಡಿಯುತ್ತ. ನಾವು ಮೇಲಿದ್ದಾಗ ಹರಕೆಯ ವಿಷಯವನ್ನೆಲ್ಲ ಅಮ್ಮನಿಂದ ಕೇಳಿ ತಿಳಿದುಕೊಂಡಿದ್ದ. ಕೋಪ ಇಳಿದಿತ್ತು, ತಮಾಷೆಗೆ ಹೇಳಿದ.

ಬೀಗಿತ್ತಿ ಒಂದು ಇಡ್ಲಿ ಮುರಿದರು. "ಇರಲಿ. ಮಿಕ್ಕಿದ್ದನ್ನ ನಾನೇ ಮೈಸೂರಿಗೆ ಹೋಗಿ ಹಚ್ತೀನಿ. ಅದಕ್ಕೆ ನನ್ನ ಉಳಿಸ್ಕೊಳ್ಳೋದು ಅವಳ ಜವಾಬ್ದಾರಿ." ಮಾತು ಮುಗಿಸಿ, ಕುಂಕುಮದ ಭರಣಿಯನ್ನು ವಾಲಂಟಿಯರ್ ಕೈಯಿಂದ ತೆಗೆದುಕೊಂಡು ಮೊದಲು ಮೊಮ್ಮಗಳ ಹಣೆಗೆ ಇಟ್ಟರು. ಆ ಹೆಂಗಸೂ ಕಾರ್ಡಿಗನ್ ಸರಿಮಾಡಿಕೊಂಡು ಹಣೆ ಬಗ್ಗಿಸಿದಳು, ಅವಳಿಗೂ ಇಟ್ಟರು. ಬೆರಳು ನನ್ನ ಎದುರಿಗೆ ಬಂತು. ಈ ಸಲ ತಡೆಯಲಿಲ್ಲ.

ನಾನು ಇಟ್ಸ್ ಆಲ್ ರೈಟ್ ಎನ್ನಲಿಲ್ಲ. ಹಣೆ ಕೊಟ್ಟೆ.

ರಜೆ ಮುಗಿದು ಮೊಮ್ಮಗಳೂ ನಾನೂ ಸಿಡ್ನಿಗೆ ಮರಳಿದೆವು. ಆಪರೇಷನ್ ದಿನ ಅಳಿಯ ಹೋಗಿದ್ದ. ಒಳಗೆ ಕರೆದೊಯ್ಯುವ ಮೊದಲು ನರ್ಸು ಬಳೆ, ಓಲೆ, ತಾಳಿ ಎಲ್ಲವನ್ನೂ ತೆಗೆಸಿದಳಂತೆ. ಕರ್ಚೀಫನ್ನು ಮಾತ್ರ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಮಂಚಕ್ಕೆ ಅಂಟಿಸಿ ಕೊಟ್ಟಳಂತೆ. ಐದನೆಯ ದಿನ ಬೀಗಿತ್ತಿಯೇ ಫೋನ್ ಮಾಡಿದರು. ದನಿ ಸಣ್ಣಗಿತ್ತು, ಆದರೆ ನಡುವೆ ಉಸಿರು ಎಳೆಯಲಿಲ್ಲ.

"ರೀ, ಇಲ್ಲಿ ಎರಡು ದಿನ ಮಳೆ" ಎಂದರು. "ಆ ಮೊದಲನೇ ಮೆಟ್ಟಿಲಿದು ಇದೆಯೋ, ತೊಳ್ಕೊಂಡು ಹೋಯ್ತೋ? ನಿಮಗೆ ಇಂಗ್ಲಿಷ್ ಬರುತ್ತಲ್ಲ, ಆ ಕಾರ್ಡಿಗನ್ನಮ್ಮನಿಗೆ ಒಂದು ಫೋನ್ ಮಾಡಿ ಕೇಳಿ."

ಕೇಳಿದೆ. ಕುಂಕುಮ ಹೋಗಿದೆ, ಅರಿಶಿನ ಹೋಗಿಲ್ಲ ಎಂದಳು ಆಕೆ. ಬಂದವರಿಗೆಲ್ಲ ಆ ತಂಗಿಯ ಕಥೆಯ ಜೊತೆಗೆ ಅದನ್ನೂ ತೋರಿಸುತ್ತಿದ್ದಾಳಂತೆ.